ಕಕ್ಕಬ್ಬೆಯ ಸುತ್ತಿನ ಕಾಲುದಾರಿಗಳು: ಡೇರೆ ಕೆಳಗೆ, ನಡಿಗೆ ಮೇಲೆ

ಕೊಡಗಿಗೆ ಬೆಟ್ಟ ಹತ್ತಲು ಬರುವ ಹೆಚ್ಚಿನವರಿಗೆ ಗೊತ್ತಿರುವುದು ಒಂದು ಶಿಖರ ಮತ್ತು ಅದಕ್ಕೆ ಹೋಗುವ ಒಂದು ದಾರಿ. ತಡಿಯಂಡಮೋಳ್ ಜಿಲ್ಲೆಯ ಅತಿ ಎತ್ತರದ ಬೆಟ್ಟ, 1748 ಮೀಟರ್. ಕೈಕಂಬದಲ್ಲಿ ಬಸ್ ಇಳಿದು, ನಾಲ್ಕುನಾಡು ಅರಮನೆಯ ಕಡೆಯಿಂದ ಹತ್ತಿ, ತುದಿಯಲ್ಲಿ ಫೋಟೊ ತೆಗೆದುಕೊಂಡು ಇಳಿದರೆ ಮಧ್ಯಾಹ್ನದ ಊಟ ತುಸು ತಡವಾಗಬಹುದು, ಅಷ್ಟೇ. ಆದರೆ ಆ ಶಿಖರದ ಆಚೀಚೆ, ಕಕ್ಕಬ್ಬೆ, ಯವಕಪಾಡಿ, ಕಬ್ಬೆ, ಚೇಲಾವರ, ಚೋಮಕುಂದ್ ಎಂದು ಹರಡಿಕೊಂಡ ಸಾಲಿನಲ್ಲಿ, ಒಂದನ್ನೊಂದು ಕೂಡುತ್ತ ಕವಲೊಡೆಯುತ್ತ ಹೋಗುವ ಕಾಲುದಾರಿಗಳ ಬಲೆಯೇ ಇದೆ. ವಾರದ ಕೊನೆಯಲ್ಲೂ ಅಲ್ಲಿ ಎದುರಾಗುವವರು ಸೌದೆ ಹೊತ್ತವರು, ದನ ಅಟ್ಟುವವರು, ಹೆಚ್ಚೆಂದರೆ ಒಬ್ಬ ಅರಣ್ಯ ವಾಚರ್. ಕೆಲಸದ ಮೇಲೆ ವಿರಾಜಪೇಟೆಗೆ ಬಂದು ಅಲ್ಲೇ ಉಳಿದುಬಿಟ್ಟ ನಾನು ಹಲವು ಚಳಿಗಾಲಗಳಿಂದ ಈ ದಾರಿಗಳನ್ನು ನಡೆದು ಕಲಿಯುತ್ತಿದ್ದೇನೆ. ಜೊತೆಗೆ ನನ್ನ ಭಾವಮೈದುನ ಇರುತ್ತಾನೆ. ಎರಡು ರಾತ್ರಿಗೆಂದು ಹೊರಟರೂ ಒಂದು ವಾರದ ಸಾಮಾನು ಹೊರುವವನು ಅವನು.

ಮೊದಲು ಡೇರೆಯ ವಿಷಯ ಮುಗಿಸಿಬಿಡುತ್ತೇನೆ. ಬೆಟ್ಟದ ನೆತ್ತಿಯಲ್ಲಿ ಡೇರೆ ಹಾಕಿ ಸೂರ್ಯೋದಯ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ಮನೆಯಲ್ಲೇ ಬಿಟ್ಟು ಬರಬೇಕು. ಮೇಲಿನ ಹುಲ್ಲುಗಾವಲು ಮತ್ತು ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ಶೋಲಾ ಕಾಡಿನ ಬಹುಪಾಲು ಪಡಿನಾಲ್ಕುನಾಡು ಮೀಸಲು ಅರಣ್ಯ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಅದೂ ಒಂದು. ಅಲ್ಲಿ ರಾತ್ರಿ ತಂಗುವಂತಿಲ್ಲ. ನಿಯಮ ಇರದಿದ್ದರೂ ನಾನು ತಂಗುತ್ತಿರಲಿಲ್ಲ. ಡಿಸೆಂಬರ್‌ನ ಗಾಳಿ ಆ ಬೋಳು ನೆತ್ತಿಯ ಮೇಲೆ ಡೇರೆಯ ಕೋಲುಗಳನ್ನು ಬಗ್ಗಿಸುವಷ್ಟು ಬೀಸುತ್ತದೆ, ನೀರು ಕೆಳಗಿನ ಕೊಲ್ಲಿಯಲ್ಲಿ, ಅಂದರೆ ಬೆಟ್ಟದ ಹಳ್ಳದಲ್ಲಿ, ಇರುತ್ತದೆ, ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಮೇಲೆ ಮಲಗಿದವನಿಗೆ ದಾರಿಗಳ ಬಗ್ಗೆ ಹೇಳುವವರು ಯಾರೂ ಸಿಗುವುದಿಲ್ಲ.

ನಮ್ಮ ನೆಲೆ ಒಂದು ಕಾಫಿ ತೋಟದ ಬಾಣೆ. ಗದ್ದೆಯ ಹಿಡುವಳಿಗೆ ಅಂಟಿಕೊಂಡು ಬಂದ ಗುಡ್ಡದ ಜಾಗವನ್ನು ಕೊಡಗಿನಲ್ಲಿ ಬಾಣೆ ಎನ್ನುತ್ತಾರೆ. ದನ ಮೇಯಲು, ಸೊಪ್ಪು ಸೌದೆಗೆ ಎಂದು ಇದ್ದದ್ದು. ಹೆಚ್ಚಿನ ಬಾಣೆಗಳು ಈಗ ಕಾಫಿ ತೋಟಗಳಾಗಿವೆ, ಅಲ್ಲಲ್ಲಿ ಒಂದು ತುಂಡು ಹುಲ್ಲು ಉಳಿದಿದೆ. ಸಹೋದ್ಯೋಗಿಯೊಬ್ಬರ ಪರಿಚಯದಿಂದ ಆ ತೋಟದ ಯಜಮಾನರ ಮನೆಗೆ ಮೊದಲ ಸಲ ಹೋದಾಗ ನಾವು ಡೇರೆ ಒಯ್ದಿರಲಿಲ್ಲ. ಇದನ್ನು ಎಲ್ಲರಿಗೂ ಹೇಳುತ್ತೇನೆ: ಮೊದಲ ಭೇಟಿಗೆ ಬರಿಗೈಯಲ್ಲಿ ಹೋಗಿ, ಕುಳಿತು, ಕಾಫಿ ಕುಡಿದು ಬನ್ನಿ. ಬೆನ್ನಿಗೆ ಚೀಲ ಹೊತ್ತು ಗೇಟಿನಲ್ಲಿ ನಿಂತು ಅನುಮತಿ ಕೇಳಿದರೆ ಎದುರಿನವರಿಗೆ ಇಲ್ಲವೆನ್ನಲು ಸಂಕೋಚವಾಗುತ್ತದೆ. ಆಮೇಲೆ ಅವರಿಗೂ ನಿದ್ದೆ ಇಲ್ಲ, ನಮಗೂ ಇಲ್ಲ.

ಯಜಮಾನರು ನನ್ನನ್ನು "ತಮ್ಮ" ಎನ್ನುತ್ತಾರೆ, ನಾನು "ಅಣ್ಣ" ಎನ್ನುತ್ತೇನೆ. ಅವರ ಷರತ್ತುಗಳು ಸರಳ. ಬಾಣೆಯಲ್ಲಿ ಬೆಂಕಿ ಹಾಕಬಾರದು. ಕುಡಿಯುವುದಿದ್ದರೆ ಮನೆಯ ಜಗಲಿಯಲ್ಲಿ ಅವರ ಜೊತೆ ಕುಳಿತು ಕುಡಿಯಬೇಕು, ಡೇರೆಯಲ್ಲಿ ಅಲ್ಲ. ಕತ್ತಲಾದ ಮೇಲೆ ತೋಟದೊಳಗೆ ಓಡಾಡಬಾರದು. "ಆನೆಗೆ ನೀವು ನನ್ನ ನೆಂಟರೆಂದು ಗೊತ್ತಿರುವುದಿಲ್ಲ ತಮ್ಮ" ಎಂದು ಮೂರನೆಯ ಷರತ್ತಿಗೆ ವಿವರಣೆ ಕೊಟ್ಟರು.

ಡೇರೆಗೆ ಜಾಗ ಆರಿಸುವುದು ಕೂಡ ಅವರಿಂದಲೇ ಕಲಿತದ್ದು. ಹೊಸಬರು ಗದ್ದೆಯ ಬದಿಯ ಸಮತಟ್ಟು ನೆಲಕ್ಕೆ ಮರುಳಾಗುತ್ತಾರೆ. ರಾತ್ರಿ ತಂಪು ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ಗದ್ದೆಯ ಬಯಲಿನಲ್ಲಿ ತುಂಬಿಕೊಳ್ಳುತ್ತದೆ. ಬೆಳಗಾಗುವಾಗ ಅಲ್ಲಿ ದಟ್ಟ ಮಂಜು, ಡೇರೆಯ ಒಳಗೂ ನೀರು. ಇಪ್ಪತ್ತು ಮೂವತ್ತು ಮೀಟರ್ ಮೇಲೆ, ಇಳಿಜಾರು ಸ್ವಲ್ಪ ತಗ್ಗಿದ ಕಡೆ ಹಾಕಿದರೆ ಮೈ ಬೆಚ್ಚಗಿರುತ್ತದೆ, ಬಟ್ಟೆಯೂ ಒಣಗಿರುತ್ತದೆ. ಒಣ ಕೊಂಬೆಯಿರುವ ಮರದ ಕೆಳಗೆ ಬೇಡ. ಬಾಳೆ, ಹಲಸು, ಬೈನೆ ಮರಗಳ ಹತ್ತಿರ ಬೇಡವೇ ಬೇಡ. ತಾಳೆಯ ಜಾತಿಯ ಈ ಬೈನೆ ಎಂದರೆ ಆನೆಗೆ ಪಂಚಪ್ರಾಣ. ಆನೆ ಕಂದಕ ಎಲ್ಲಿ ಕುಸಿದು ತುಂಬಿಕೊಂಡಿದೆಯೋ ಅದರ ನೇರಕ್ಕೂ ಬೇಡ, ಏಕೆಂದರೆ ಆನೆಗಳು ತೋಟಕ್ಕೆ ಬರುವ ಬಾಗಿಲು ಅದೇ. ಅಕ್ಕಿ, ಬೆಲ್ಲ, ಉಪ್ಪು, ಹಣ್ಣು ಯಾವುದನ್ನೂ ನಾವು ಡೇರೆಯಲ್ಲಿ ಇಡುವುದಿಲ್ಲ. ಎಲ್ಲವೂ ತೋಟದ ಸ್ಟೋರಿನಲ್ಲಿ, ಬೀಗದ ಹಿಂದೆ. ಭಾವಮೈದುನ ಒಂದು ಸಲ ಒಣಮೀನು ತಂದಿದ್ದ. ಅದನ್ನು ಸ್ಟೋರಿಗೂ ಸೇರಿಸದೆ ತೋಟದ ಮನೆಯ ಅಡುಗೆಯವರಿಗೆ ಕೊಟ್ಟು ಕೈ ತೊಳೆದುಕೊಂಡೆವು. ಅಡುಗೆ ಸಣ್ಣ ಗ್ಯಾಸ್ ಒಲೆಯಲ್ಲಿ, ಜಲ್ಲಿ ಹಾಸಿದ ಕಡೆ. ಬೆಳಿಗ್ಗೆ ಬೆಲ್ಲದ ಕಾಫಿ, ತೋಟದ ಮನೆಯಿಂದ ಅಕ್ಕಿ ರೊಟ್ಟಿ ಬಂದರೆ ಅದು, ಇಲ್ಲದಿದ್ದರೆ ಅವಲಕ್ಕಿ. ನೀರು ಕೊಲ್ಲಿಯಿಂದ ಪೈಪಿನಲ್ಲಿ ಬರುತ್ತದೆ. ಎಷ್ಟೇ ತಿಳಿಯಾಗಿ ಕಂಡರೂ ಮೇಲೆ ದನ ಮೇಯುತ್ತಿರುವುದರಿಂದ ಕುದಿಸಿಯೇ ಕುಡಿಯುತ್ತೇವೆ.

ಈಗ ದಾರಿಗಳಿಗೆ ಬರುತ್ತೇನೆ. ಇಷ್ಟು ವರ್ಷಗಳಲ್ಲಿ ನನಗೆ ಮನವರಿಕೆಯಾದ ಒಂದೇ ಸಂಗತಿಯೆಂದರೆ, ಒಂದು ಕಾಲುದಾರಿ ಯಾರ ಕೆಲಸಕ್ಕಾಗಿ ಹುಟ್ಟಿತು ಎಂದು ಗೊತ್ತಾದರೆ ಅದು ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೆಚ್ಚುಕಡಿಮೆ ಹೇಳಬಹುದು. ಚಾರಣಕ್ಕೆಂದು ಮಾಡಿದ ದಾರಿ ಈ ಬೆಟ್ಟಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ತೋಟದ ದಾರಿ ಗುರುತಿಸುವುದು ಎಲ್ಲಕ್ಕಿಂತ ಸುಲಭ. ಹಿಂದೆ ಎತ್ತಿನ ಗಾಡಿ, ಈಗ ಜೀಪು ಮತ್ತು ಟ್ರ್ಯಾಕ್ಟರ್ ಹತ್ತಬೇಕಾದ್ದರಿಂದ ಏರು ಹದವಾಗಿರುತ್ತದೆ, ತಿರುವುಗಳು ಅಗಲವಾಗಿರುತ್ತವೆ. ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಗಳಿಂದ ಹೊರಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೋ ಕಾಫಿ ಒಣಗಿಸುವ ಕಣಕ್ಕೋ ಮುಟ್ಟುತ್ತದೆ. ಅದರ ಹಿಂದೆ ಹೋದರೆ ಬೆಟ್ಟ ಸಿಗುವುದಿಲ್ಲ, ಇನ್ನೊಬ್ಬರ ಅಂಗಳ ಸಿಗುತ್ತದೆ. ನಾಯಿಯೂ ಸಿಗುತ್ತದೆ.

ದನದ ದಾರಿ ಹುಲ್ಲುಗಾವಲಿನಲ್ಲಿ ಒಂದಾಗಿ ಇರುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ, ಒಂದರ ಮೇಲೊಂದು ಮೆಟ್ಟಿಲಿನಂತೆ, ಐದಾರು ಗೆರೆಗಳು ಜೊತೆಯಾಗಿ ಹೋಗುತ್ತವೆ. ಯಾವುದನ್ನು ಹಿಡಿದರೂ ನೀರಿಗೆ ಹೋಗುತ್ತೀರಿ ಅಥವಾ ನೀರಿನಿಂದ ಬರುತ್ತೀರಿ. ನೆತ್ತಿಯ ಹತ್ತಿರ ಅವು ಒಂದೊಂದಾಗಿ ಮಾಯವಾಗುತ್ತವೆ, ಏಕೆಂದರೆ ದನಕ್ಕೆ ತುದಿ ಮುಟ್ಟುವ ಹಟವಿಲ್ಲ. ಜನವರಿಯ ನಂತರ ಈ ದಾರಿಗಳಲ್ಲಿ ಉಣ್ಣಿಗಳ ಕಾಟ ವಿಪರೀತ. ಕಣ್ಣಿಗೆ ಕಾಣದಷ್ಟು ಸಣ್ಣವು ಸೊಂಟದವರೆಗೂ ಹತ್ತಿರುತ್ತವೆ, ತುರಿಕೆ ವಾರಗಟ್ಟಲೆ. ಹುಲ್ಲಿನ ಮೇಲೆ ಕೂರುವ ಮೊದಲು ಬಂಡೆ ಇದೆಯೇ ಎಂದು ನೋಡುವುದು ನನಗೆ ಅಭ್ಯಾಸವಾಗಿದೆ.

ದೇವರ ದಾರಿಯೂ ಇದೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ಕೊಡಗಿನಲ್ಲಿ ಮಳೆಬೆಳೆಯ ದೇವರು. ಕೊಡಗಿನ ಸುಗ್ಗಿಯ ಹಬ್ಬವಾದ ಪುತ್ತರಿಯ ಮುಹೂರ್ತ ಗೊತ್ತಾಗುವುದು ಅಲ್ಲಿಯೇ. ಕಲಾಡ್ಚ ಹಬ್ಬದಲ್ಲಿ ದೇವರನ್ನು ಮಲ್ಮ ಬೆಟ್ಟಕ್ಕೆ ಕರೆದೊಯ್ಯುತ್ತಾರೆ. ದೇವರನ್ನು ಹೊತ್ತು ನಡೆಯುವ ಹಾದಿಯಾದ್ದರಿಂದ ವರ್ಷಕ್ಕೊಮ್ಮೆಯಾದರೂ ಕಾಡು ಸವರಿ ಸ್ವಚ್ಛ ಮಾಡಿರುತ್ತಾರೆ. ಇಂಥ ದಾರಿಯನ್ನು ಹಬ್ಬ ಮುಗಿದ ಮೇಲೆ ಊರಿನವರನ್ನು ಕೇಳಿ, ಅವರು ಹೇಳಿದ ಕಡೆ ಚಪ್ಪಲಿ ಬಿಟ್ಟು ನಡೆದರೆ ಯಾರೂ ಬೇಡವೆನ್ನುವುದಿಲ್ಲ. ದೇವರಕಾಡಿನ ಒಳಗೆ ಹೋಗುವ ಕವಲು ಕಂಡರೆ ನಾನು ಹಿಡಿಯುವುದಿಲ್ಲ. ಎಲೆ ಕಿತ್ತರೂ ತಪ್ಪು ಎಂದು ನಂಬಿರುವವರ ಜಾಗದಲ್ಲಿ ನನಗೇನು ಕೆಲಸ?

ಬೆಟ್ಟದ ಬುಡದಲ್ಲಿ ವಾಸಿಸುವ ಕುಡಿಯ ಬುಡಕಟ್ಟಿನವರ ದಾರಿಗಳು ಇನ್ನೊಂದು ಬಗೆ. ಬೈನೆ ಮರದ ಕಳ್ಳು ಇಳಿಸುವುದು, ಜೇನು ತೆಗೆಯುವುದು ಅವರ ಹಳೆಯ ಕಸುಬು. ಅವರ ಹಾದಿ ಒಬ್ಬ ಮನುಷ್ಯನಷ್ಟೇ ಅಗಲ, ತಿರುವಿಲ್ಲದೆ ನೇರ ಏರು, ಕೊನೆಗೆ ಒಂದು ಮರದ ಬುಡದಲ್ಲಿ ಮುಕ್ತಾಯ. ಬೈನೆಯ ಕಾಂಡಕ್ಕೆ ಗಣುಗಳಿರುವ ಬಿದಿರನ್ನು ಕಟ್ಟಿ ಮಾಡಿದ ಏಣಿ ಕಂಡಿತೋ, ದಾರಿ ಮುಗಿಯಿತೆಂದು ತಿಳಿದು ಹಿಂದಿರುಗುವುದು. ನಮ್ಮ ಜೊತೆ ಕೆಲವು ಸಲ ಬಂದ ಕುಡಿಯರ ಅಜ್ಜ ಒಬ್ಬರು, ನಾನು ಸುಸ್ತಾಗಿ ನಿಂತು "ಅಜ್ಜ, ಈ ದಾರಿ ಸುತ್ತಿ ಹೋಗಬಾರದಿತ್ತೇ?" ಎಂದು ಕೇಳಿದಾಗ, "ಮರ ಸುತ್ತಿ ಬೆಳೆದಿಲ್ಲವಲ್ಲ" ಎಂದು ಮುಂದೆ ನಡೆದರು.

ಅರಣ್ಯ ಇಲಾಖೆಯ ಬೆಂಕಿ ರೇಖೆಗಳು ಬೇಸಿಗೆಗೆ ಮುಂಚೆ ಹುಲ್ಲು ಸವರಿ ಸುಟ್ಟ ಪಟ್ಟಿಗಳು. ಬೆಟ್ಟಸಾಲಿನ ಬೆನ್ನು ಹಿಡಿದು ಹೋಗುವುದರಿಂದ ದೂರದಿಂದ ಅತ್ಯುತ್ತಮ ದಾರಿಯಂತೆ ಕಾಣುತ್ತವೆ. ಆದರೆ ಬೆಂಕಿಗೆ ಏರಿಳಿತದ ಲೆಕ್ಕವಿಲ್ಲದ್ದರಿಂದ ರೇಖೆಯೂ ಕಡಿದಾದ ಕಡೆ ಕಡಿದಾಗಿಯೇ ಇಳಿಯುತ್ತದೆ, ಮೊಣಕಾಲಿಗೆ ಶಿಕ್ಷೆ. ಕಡಂಗಗಳು ಇನ್ನೂ ಹಳೆಯವು. ರಾಜರ ಕಾಲದ, ಅದಕ್ಕೂ ಹಿಂದಿನ, ಗಡಿ ಮತ್ತು ಕಾಳಗದ ಕಂದಕಗಳು. ಅದರ ದಂಡೆಯ ಮೇಲೆ ಎಷ್ಟೋ ಕಡೆ ಈಗ ಕಾಲುದಾರಿ ಹೋಗುತ್ತದೆ, ನಡೆಯುವವನಿಗೆ ತಾನು ಯಾವುದರ ಮೇಲೆ ನಡೆಯುತ್ತಿದ್ದೇನೆ ಎಂದು ಗೊತ್ತೇ ಆಗುವುದಿಲ್ಲ.

ನಾಲ್ಕುನಾಡು ಅರಮನೆ ಇಲ್ಲಿ ಏಕಿದೆ ಎನ್ನುವುದಕ್ಕೂ ಈ ದಾರಿಗಳಿಗೂ ಸಂಬಂಧವಿದೆ ಎಂದು ನನಗೆ ಅನ್ನಿಸುತ್ತದೆ. ದೊಡ್ಡ ವೀರರಾಜೇಂದ್ರ 1792ರಿಂದ 1794ರವರೆಗೆ ಇದನ್ನು ಕಟ್ಟಿಸಿದ. 1834ರಲ್ಲಿ ಇಂಗ್ಲಿಷರ ಸೈನ್ಯ ಮಡಿಕೇರಿಯತ್ತ ಬಂದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಬಂದು ಕುಳಿತದ್ದು ಇಲ್ಲಿ. ಎದುರಿನಿಂದ ಬರುವುದು ಕಷ್ಟ, ಹಿಂದೆ ಬೆಟ್ಟದ ಹಾದಿಗಳು ಅನೇಕ. ಬೆಟ್ಟದ ಆಚೆ ಇಳಿದರೆ ಮಲಬಾರು. ಕೊಡಗಿನ ಅಕ್ಕಿ ಘಟ್ಟ ಇಳಿದು, ಕರಾವಳಿಯ ಉಪ್ಪು ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಹತ್ತಿ ಬರುತ್ತಿದ್ದ ಕಾಲವಿತ್ತು. ಹೇರೆತ್ತು ನಡೆದ ದಾರಿ ಏರಿನಲ್ಲಿ ತಾಳ್ಮೆಯಿಂದ ಸುತ್ತುತ್ತದೆ. ಅಂಥ ಒಂದು ತುಣುಕು ಕಾಲಿಗೆ ಸಿಕ್ಕರೆ ನನಗೆ ಹಬ್ಬ.

ಕೊನೆಯದು ಆನೆಯ ದಾರಿ. ಎರಡು ಬೆಟ್ಟಗಳ ನಡುವಿನ ತಗ್ಗನ್ನು ಆನೆ ತಪ್ಪದೆ ಹುಡುಕಿಕೊಳ್ಳುತ್ತದೆ, ಇಳಿಜಾರು ಹಿತವಾಗಿರುವ ಕಡೆಯೇ ಅದರ ಹೆಜ್ಜೆ. ಮಳೆಗಾಲದಲ್ಲಿ ಕೊಚ್ಚಿಹೋಗದ, ಅಗಲವಾದ, ತಲೆಯ ಮಟ್ಟದಲ್ಲಿ ಒಂದು ಕೊಂಬೆಯೂ ಅಡ್ಡ ಬಾರದ ಅಂದವಾದ ದಾರಿ ಶೋಲಾದ ಅಂಚಿನಲ್ಲಿ ಸಿಕ್ಕಿತೆಂದರೆ ಖುಷಿಪಡುವ ಮೊದಲು ನೆಲ ನೋಡಬೇಕು. ಹಳೆಯ ಲದ್ದಿಯಿಂದ ಬೆದರುವ ಅಗತ್ಯವಿಲ್ಲ. ಒದ್ದೆ ಹೊಳಪು ಆರದ ಲದ್ದಿ, ಸೀಳಿದ ಬೈನೆಯ ತಿರುಳು ಇನ್ನೂ ಬಿಳಿಯಾಗಿರುವುದು, ಮರದ ಕಾಂಡಕ್ಕೆ ಮೆತ್ತಿದ ಕೆಸರು ಒಣಗದಿರುವುದು, ಇವುಗಳಲ್ಲಿ ಒಂದು ಕಂಡರೂ ನಾವು ಮಾತಿಲ್ಲದೆ ಹಿಂದಿರುಗುತ್ತೇವೆ. ಒಮ್ಮೆ ಚೇಲಾವರದ ಮೇಲಿನ ಕಣಿವೆಯಲ್ಲಿ ಹೀಗೆ ತಿರುಗಿದಾಗ ಭಾವಮೈದುನ ಇನ್ನೂ ಅರ್ಧ ಗಂಟೆ ಕಾದು ನೋಡೋಣವೆಂದ. ಜೊತೆಯಲ್ಲಿದ್ದ ಅಜ್ಜ ಅವನಿಗೆ ಉತ್ತರ ಕೊಡಲಿಲ್ಲ. ತಮ್ಮ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯತೊಡಗಿದರು. ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ.

ನಕ್ಷೆಯ ಬಗ್ಗೆ ಸ್ವಲ್ಪ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಗಳಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರದ ಅಂತರ. ಬೆಟ್ಟ, ಕೊಲ್ಲಿ, ತಗ್ಗುಗಳ ರೂಪ ತಿಳಿಯಲು ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಅದರಲ್ಲಿ ಚುಕ್ಕಿಗೆರೆಯಾಗಿ ಕಾಣುವ ಕಾಲುದಾರಿಗಳನ್ನು ಪೂರ್ತಿ ನಂಬಬಾರದು. ಕೆಲವು ಕಾಫಿಯ ಕೆಳಗೆ ಮುಚ್ಚಿಹೋಗಿವೆ, ಕೆಲವು 2018 ಮತ್ತು 2019ರ ಆಗಸ್ಟ್ ಮಳೆಯ ನಂತರ ಬದಲಾಗಿವೆ. ಮೊಬೈಲಿನ ಉಪಗ್ರಹ ಚಿತ್ರ ಹುಲ್ಲುಗಾವಲಿನಲ್ಲಿ ಉಪಕಾರಿ, ಕಾಫಿ ತೋಟದ ನೆರಳುಮರಗಳ ಕೆಳಗೆ ಕುರುಡು. ಹಾಗಾಗಿ ನಾನು ನಕ್ಷೆಯಿಂದ ನೆಲದ ರೂಪವನ್ನು, ತೋಟದ ಕೆಲಸಗಾರರಿಂದ ದಾರಿಯನ್ನು ಕೇಳಿಕೊಳ್ಳುತ್ತೇನೆ. ಕೇಳುವುದರಲ್ಲೂ ಒಂದು ಕ್ರಮವಿದೆ. "ಈ ದಾರಿ ತುದಿಗೆ ಹೋಗುತ್ತದೆಯೇ?" ಎಂದರೆ ಹೌದು ಎಂಬ ಉತ್ತರ ಬರುತ್ತದೆ, ಬೆಟ್ಟದಲ್ಲಿ ಎಲ್ಲವೂ ಎಲ್ಲೋ ಒಂದು ಕಡೆ ತುದಿಗೆ ಹೋಗುವುದರಿಂದ. "ಈ ದಾರಿಯಲ್ಲಿ ಯಾರು ಹೋಗುತ್ತಾರೆ, ಯಾವಾಗ ಹೋಗುತ್ತಾರೆ?" ಎಂದು ಕೇಳಿದರೆ ನಿಜವಾದ ಸುದ್ದಿ ಸಿಗುತ್ತದೆ.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವನ್ನು ಚಾರಣಿಗರು ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕೊಡಗಿನಲ್ಲಿ ಅದರ ಮೊದಲ ಭಾಗ ನಡೆಯುವುದಿಲ್ಲ. ಬೇರು, ಜಾರು, ಮುಳ್ಳು, ಜೊತೆಗೆ ಎದುರಾದವರ ಕುಶಲೋಪರಿ ಎಲ್ಲ ಸೇರಿ ಗಂಟೆಗೆ ಮೂರು ಕಿಲೋಮೀಟರ್ ಎಂದು ಹಿಡಿಯುತ್ತೇನೆ. ಎಂಟು ಕಿಲೋಮೀಟರ್ ದೂರ, 600 ಮೀಟರ್ ಏರು ಎಂದರೆ ಮೂರು ಗಂಟೆ ನಲವತ್ತು ನಿಮಿಷ. ಬೆಳಿಗ್ಗೆ ಏಳಕ್ಕೆ ಹೊರಟರೂ ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದೇವೋ ಅಲ್ಲಿಂದ ಹಿಂದಿರುಗುವುದು ನಮ್ಮ ನಿಯಮ. ಡಿಸೆಂಬರ್‌ನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ನೆರಳುಮರಗಳ ಕೆಳಗೆ ಕತ್ತಲೆ ಅರ್ಧ ಗಂಟೆ ಮುಂಚೆಯೇ ಬಂದು ಕುಳಿತಿರುತ್ತದೆ, ಆನೆಗಳು ಕೆಳಗಿಳಿಯುವ ಹೊತ್ತೂ ಅದೇ.

ನಮಗೆ ಬಹಳ ಪ್ರಿಯವಾದ ಒಂದು ಹಗಲಿನ ಸುತ್ತು ಚೋಮಕುಂದಿನ ಕಡೆಯದು. ತೋಟದ ದಾರಿಯಲ್ಲಿ ಲೈನ್ ಮನೆಗಳನ್ನು ದಾಟುವಾಗ ಕಾಫಿ ಕುಯ್ಯುವವರು ಚೀಲ ಸೊಂಟಕ್ಕೆ ಕಟ್ಟಿಕೊಂಡು ಹೊರಡುತ್ತಿರುತ್ತಾರೆ. ಮೇಲಿನ ಬೇಲಿಯ ಗೇಟು ದಾಟಿದ ಮೇಲೆ ಏಲಕ್ಕಿಯ ಹಳೆಯ ಮಲೆ, ಅಲ್ಲಿಂದ ಮರಗಳು ಗಿಡ್ಡವಾಗುತ್ತ ಬಂದು ಒಂದೇ ಹೆಜ್ಜೆಯಲ್ಲಿ ಕಾಡು ಮುಗಿದು ಹುಲ್ಲು ಶುರು. ಶೋಲಾದ ಅಂಚು ಇಷ್ಟು ಥಟ್ಟನೆ ಏಕೆ ಮುಗಿಯುತ್ತದೆ ಎಂಬುದಕ್ಕೆ ಮಣ್ಣಿನ ಆಳ, ತೇವ, ಗಾಳಿ, ಬೆಂಕಿ, ಮೇವು ಎಲ್ಲವನ್ನೂ ಕಾರಣವಾಗಿ ಹೇಳುತ್ತಾರೆ. ನಡೆಯುವವನಿಗೆ ಬೇಕಾದದ್ದು ಇಷ್ಟು: ಬೆಟ್ಟದ ಮಡಿಕೆಯಲ್ಲಿ ಶೋಲಾ ಇದ್ದರೆ ಅದರ ಕೆಳತುದಿಯಲ್ಲಿ ನೀರು ಇದ್ದೇ ಇರುತ್ತದೆ, ಫೆಬ್ರವರಿಯಲ್ಲಿ ಕೂಡ. ಬಾಟಲಿ ತುಂಬಿಸಿಕೊಳ್ಳಲು ಅಲ್ಲಿಗೆ ಇಳಿಯಬೇಕು, ಕಾಡಿನೊಳಗೆ ನುಗ್ಗಬಾರದು.

ಬೆಟ್ಟದ ಬೆನ್ನಿಗೆ ಬಂದಾಗ ಪಶ್ಚಿಮದ ಕಡೆ ನೆಲ ಮುಗಿದುಹೋಗುತ್ತದೆ. ಪೂರ್ವಕ್ಕೆ ಕೊಡಗು ಮೆಲ್ಲಗೆ ಇಳಿಯುತ್ತದೆ, ಪಶ್ಚಿಮಕ್ಕೆ ಕೇರಳ ಒಮ್ಮೆಗೇ ಬೀಳುತ್ತದೆ. ಗಾಳಿ ತಿಳಿಯಾಗಿದ್ದ ದಿನ ದೂರದಲ್ಲಿ ಸಮುದ್ರದ ಹೊಳಪು. ಹೊತ್ತೇರಿದಂತೆ ಕೆಳಗಿನ ಕಣಿವೆ ಕಾದು, ತೇವದ ಗಾಳಿ ಗೋಡೆಯಂಥ ಆ ಇಳಿಜಾರನ್ನು ಹತ್ತಿ ಬಂದು ನೆತ್ತಿಯಲ್ಲಿ ಮಂಜಾಗುತ್ತದೆ. ಹತ್ತು ನಿಮಿಷದ ಹಿಂದೆ ಮೂರು ತಾಲ್ಲೂಕು ಕಾಣುತ್ತಿದ್ದ ಕಡೆ ಜೊತೆಗಾರನ ಬೆನ್ನಿನ ಚೀಲವೂ ಕಾಣದು. ಆಗ ನಾವು ಮಾಡುವುದು ಏನೂ ಮಾಡದಿರುವುದು. ಗಾಳಿ ಕಡಿಮೆಯಿರುವ ಕಡೆ ಬಂಡೆಗೆ ಒರಗಿ ಕೂರುತ್ತೇವೆ, ಬುತ್ತಿ ಬಿಚ್ಚುತ್ತೇವೆ. ಮಂಜಿನಲ್ಲಿ ದನದ ದಾರಿ, ಬೆಂಕಿ ರೇಖೆ, ಆನೆಯ ದಾರಿ ಎಲ್ಲವೂ ಒಂದೇ ಬಣ್ಣ. ಅವುಗಳಲ್ಲಿ ಒಂದು ನೇರ ಪ್ರಪಾತದ ಅಂಚಿಗೆ ಹೋಗುತ್ತದೆ. ಮುಸುಕು ಸಾಮಾನ್ಯವಾಗಿ ತೆರೆತೆರೆಯಾಗಿ ಬರುತ್ತದೆ, ನಡುವೆ ಬಿಡುವು ಸಿಕ್ಕಾಗ ಪೂರ್ವದ ಕಡೆಗೆ ಇಳಿದುಬಿಡಬಹುದು. ಮೊಬೈಲ್ ಸಿಗ್ನಲ್ ಬೇಕಾದವರಿಗೆ ಒಂದು ಸುದ್ದಿ: ನಮ್ಮ ಬಾಣೆಯಲ್ಲಿ ಅದಿಲ್ಲ, ನೆತ್ತಿಯಲ್ಲಿ ಕೇರಳದ ಕಡೆಯಿಂದ ಸಿಗುತ್ತದೆ. ಮನೆಗೆ ಫೋನ್ ಮಾಡಿ ಇಳಿಯುವ ದಾರಿ ಮತ್ತು ಸಮಯ ಹೇಳುವುದು ಅಲ್ಲಿಂದಲೇ. ತೋಟದ ಯಜಮಾನರಿಗೆ ಬೆಳಿಗ್ಗೆ ಹೊರಡುವಾಗಲೇ ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟಿರುತ್ತೇವೆ.

ಋತುವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು: ಪುತ್ತರಿಯಿಂದ ಶಿವರಾತ್ರಿಯವರೆಗೆ. ಮಳೆಗಾಲದಲ್ಲಿ ಬೆಟ್ಟ ಹತ್ತುವುದನ್ನು ಆಡಳಿತವೇ ನಿಲ್ಲಿಸುತ್ತದೆ, ನಿಲ್ಲಿಸಬೇಕಾದದ್ದೇ. 2018ರಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಬೆಟ್ಟಗಳು ಕುಸಿದು, 2020ರಲ್ಲಿ ತಲಕಾವೇರಿಯ ಗಜಗಿರಿ ಜಾರಿ ಬಂದ ಮೇಲೆ ಆಗಸ್ಟ್‌ನಲ್ಲಿ ನೀರು ಕುಡಿದ ಇಳಿಜಾರಿನಲ್ಲಿ ನಿಲ್ಲುವ ಧೈರ್ಯ ಊರಿನವರಿಗೇ ಇಲ್ಲ. ಅಕ್ಟೋಬರ್‌ನಲ್ಲಿ ಬೆಟ್ಟ ಹಸಿರೇನೋ ಹೌದು, ಆದರೆ ಉಂಬಳ, ಅಂದರೆ ನೆಲದ ಜಿಗಣೆ. ಅದು ಕಚ್ಚುವಾಗ ನೋವಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ ಬಿಟ್ಟಿರುವುದರಿಂದ ಉದುರಿದ ಮೇಲೂ ರಕ್ತ ನಿಲ್ಲುವುದಿಲ್ಲ. ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಅದ್ದಿ ಒಣಗಿಸಿದ ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಳ್ಳುವುದು ತೋಟದ ಕೆಲಸಗಾರರ ಉಪಾಯ. ಅಂಗಡಿಯಲ್ಲಿ ಸಿಗುವ ಯಾವ ಮುಲಾಮೂ ಅದಕ್ಕೆ ಸಮನಾಗಿ ನನಗೆ ಕಂಡಿಲ್ಲ. ಡಿಸೆಂಬರ್‌ನಲ್ಲೂ ಶೋಲಾದ ಒಳಗೆ ಒಂದೆರಡು ಇರುತ್ತವೆ. ಫೆಬ್ರವರಿ ಕೊನೆಗೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಶುರುವಾಗುತ್ತದೆ, ಇಲಾಖೆ ಪ್ರವೇಶ ಮುಚ್ಚುವುದೂ ಉಂಟು. ಕಾಫಿ ಗಿಡವನ್ನು ಹೂ ಬಿಡಿಸುವ ಹೂಮಳೆ ಬರುವ ಸಂಜೆಗಳಲ್ಲಿ ಬೆಟ್ಟದ ಬೆನ್ನಿನ ಮೇಲೆ ಸಿಡಿಲು ನಮಗಿಂತ ಎತ್ತರದ್ದನ್ನು ಹುಡುಕಬೇಕಾಗುತ್ತದೆ, ಅಲ್ಲಿ ಅಂಥದ್ದೇನೂ ಇರುವುದಿಲ್ಲ.

ಅನುಮತಿ. ತಡಿಯಂಡಮೋಳ್‌ನ ಮುಖ್ಯ ದಾರಿಗೆ ಅರಣ್ಯ ಇಲಾಖೆಯ ಗೇಟು ಇದೆ, ಶುಲ್ಕ ಇದೆ, ಹತ್ತಲು ಬಿಡುವ ವೇಳೆ ಇದೆ, ಪ್ಲಾಸ್ಟಿಕ್ ತಪಾಸಣೆ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಟ್ಟಿಗೇ ಸೇರಿ ನಿಲ್ಲಲೂ ಜಾಗವಿಲ್ಲದಂತಾದ ಮೇಲೆ ರಾಜ್ಯದ ಚಾರಣ ದಾರಿಗಳಿಗೆ ಮುಂಗಡ ಆನ್‌ಲೈನ್ ನೋಂದಣಿ, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಬಂದವು. ಹೊರಡುವ ವಾರ ಇಲಾಖೆಯ ಜಾಲತಾಣ ನೋಡಿಯೇ ಹೊರಡಬೇಕು. ಹಳೆಯ ಮಾಹಿತಿ ನಂಬಿ ಬಂದು ಗೇಟಿನಲ್ಲಿ ವಾದಕ್ಕೆ ನಿಲ್ಲುವವರನ್ನು ನೋಡಿ ಸಾಕಾಗಿದೆ. ಮೀಸಲು ಅರಣ್ಯದೊಳಗೆ ಹೋಗುವ ಸಣ್ಣ ದಾರಿಗಳಿಗೆ ನಾವು ವಲಯ ಅರಣ್ಯ ಕಚೇರಿಗೆ ಮೊದಲೇ ಹೋಗಿ, ಎಲ್ಲಿಂದ ಎಲ್ಲಿಗೆ ಎಂದು ನಕ್ಷೆ ತೋರಿಸಿ ಕೇಳುತ್ತೇವೆ. ಬೇಡವೆಂದರೆ ಬೇಡ, ಆ ದಿನ ತೋಟದ ಮತ್ತು ಊರಿನ ದಾರಿಗಳಲ್ಲೇ ತಿರುಗುತ್ತೇವೆ, ಅವೇ ಬೇಕಾದಷ್ಟಿವೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಜೀವಿ ಧಾಮಗಳ ಮಾತು ಬೇರೆ. ಇರ್ಪುವಿನಿಂದ ನರಿಮಲೆ ಹಾದು ಬ್ರಹ್ಮಗಿರಿಗೆ ಹತ್ತುವ ದಾರಿ ಅತ್ಯಂತ ಸುಂದರ, ಆದರೆ ಅಲ್ಲಿ ಗೊತ್ತುಮಾಡಿದ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಡುವಂತಿಲ್ಲ. ಕವಲು ಕವಲಾಗಿ ಅಲೆಯುವ ಆಸೆಗೆ ಅದು ಜಾಗವಲ್ಲ.

ನಾನು ನಡೆದ ಸಣ್ಣ ದಾರಿಗಳ ಜಾಡನ್ನು ಮೊಬೈಲಿನಿಂದ ಅಂತರ್ಜಾಲಕ್ಕೆ ಏರಿಸುವುದಿಲ್ಲ. ಕೇಳಿದವರಿಗೆ ಬೇಸರವಾಗುತ್ತದೆ, ಗೊತ್ತಿದೆ. ಅವುಗಳಲ್ಲಿ ಅರ್ಧದಷ್ಟು ಯಾರದ್ದೋ ತೋಟದ ಹಿತ್ತಿಲಿನಿಂದ ಹೋಗುತ್ತವೆ. ನನಗೆ ಗೇಟು ತೆಗೆದವರು ನನ್ನ ಮುಖ ನೋಡಿ ತೆಗೆದರೇ ಹೊರತು ಊರಿಗೆಲ್ಲ ತೆಗೆದದ್ದಲ್ಲ. ಕುಡಿಯರ ಹಾದಿಯ ಕೊನೆಯಲ್ಲಿ ಅವರ ಬೈನೆ ಮರವಿದೆ, ಜೇನಿನ ಮರವಿದೆ. ಅದರ ವಿಳಾಸ ಹಂಚುವ ಹಕ್ಕು ನನ್ನದಲ್ಲ.

ದಾರಿ ತೋರಿಸಲು ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದಾದರೆ, ಕರೆದುಕೊಳ್ಳಲೇಬೇಕು ಎನ್ನುವುದು ನನ್ನ ಸಲಹೆ, ಸಂಬಳದ ಮಾತನ್ನು ಹಿಂದಿನ ಸಂಜೆಯೇ ಆಡಿ ಮುಗಿಸಿ. ನಾವು ನಡೆಯುವ ತಿಂಗಳುಗಳು ಕಾಫಿ ಕುಯ್ಲಿನ ತಿಂಗಳುಗಳೇ. ಕುಯ್ದ ಹಣ್ಣಿನ ತೂಕಕ್ಕೆ ಕೂಲಿ ಸಿಗುವ ಕಾಲದಲ್ಲಿ ಒಬ್ಬರು ಒಂದು ದಿನ ನಮ್ಮ ಹಿಂದೆ ಬಂದರೆ ಅವರಿಗೆ ವರ್ಷದ ಒಳ್ಳೆಯ ದುಡಿಮೆಯ ಒಂದು ದಿನ ಹೋಗುತ್ತದೆ. ಕುಯ್ಲಿನಲ್ಲಿ ಅವರು ಗಳಿಸುವಷ್ಟಕ್ಕೆ ಮೇಲೆ ಕೊಡಬೇಕು. ಮಂಜು ಬಂದು ಹತ್ತು ಗಂಟೆಗೇ ಹಿಂದಿರುಗಿದರೂ ಪೂರ್ತಿ ದಿನದ ಲೆಕ್ಕವೇ. ಅಜ್ಜ ಹಣದ ಜೊತೆ ಒಂದು ಕಟ್ಟು ಎಲೆ ಅಡಿಕೆಯನ್ನೂ ಕೇಳುತ್ತಾರೆ. ಅದನ್ನು ಕಕ್ಕಬ್ಬೆ ಪೇಟೆಯಿಂದ ಮೊದಲೇ ತಂದಿಟ್ಟುಕೊಳ್ಳಬೇಕು, ಮೇಲೆ ಅಂಗಡಿ ಇಲ್ಲ.